ಮಕ್ಕಳ ಮನಸ್ಸೂ ಶಾಲೆಯ ಮೇಷ್ಟರೂ

ದಾವಣಗೆರೆಯ ಚರಿತ್ರೆಯನ್ನು ಬರೆಯ ಹೊರಟವರು ಹತ್ತಿಯ ಗಿರಣಿಗಳಿಂದ ಆರಂಭಿಸುವುದು ವಾಡಿಕೆ. ಹರಿಹರದ್ದಾದರೆ, ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು 13ನೆಯ ಶತಮಾನದಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದಿಂದ. ಎರಡೂ ತಪ್ಪಲ್ಲ. ಗಿರಣಿಯ ಲೆಕ್ಕ ಕಡತಗಳಲ್ಲಿದೆ, ದೇವಾಲಯದ ಲೆಕ್ಕ ಕಲ್ಲಿನ ಮೇಲಿದೆ. ಆದರೆ ಈ ಎರಡು ಊರುಗಳಲ್ಲಿಯೂ ದಿನಂಪ್ರತಿ ಬರೆಯಲ್ಪಡುವ, ಇತಿಹಾಸಕಾರರು ಕೈಯಿಟ್ಟು ನೋಡದ ಇನ್ನೊಂದು ದಾಖಲೆಯುಂಟು. ಅದು ಶಾಲೆಯ ಹಾಜರಿ ಪುಸ್ತಕ. ಬೆಳಿಗ್ಗೆ ಪ್ರಾರ್ಥನೆ ಮುಗಿದೊಡನೆ ಮೇಷ್ಟರು ಹೆಸರು ಕೂಗುತ್ತಾರೆ. ಮಗು ‘ಹಾಜರ್ ಸಾರ್’ ಎನ್ನುತ್ತದೆ. ಅದರ ಹೆಸರಿನ ಮುಂದೆ ಒಂದು ಗುರುತು ಬೀಳುತ್ತದೆ. ಮಗುವಿನ ಮೈ ಶಾಲೆಗೆ ಬಂದಿದೆ ಎಂಬುದಕ್ಕೆ ಅದು ಸಾಕ್ಷಿ. ಮನಸ್ಸು ಬಂದಿದೆಯೋ ಇಲ್ಲವೋ ಎಂಬುದಕ್ಕೆ ಆ ಪುಸ್ತಕದಲ್ಲಿ ಕಾಲಂ ಇಲ್ಲ.

ಕಾಲಂ ಇಲ್ಲದ ಆ ಸಂಗತಿಯನ್ನು ಶಾಲೆಯಲ್ಲಿ ಯಾರು ಕಂಡರು, ಕಂಡಮೇಲೆ ಏನು ಮಾಡಿದರು ಎಂಬುದೇ ಈ ಲೇಖನದ ವಿಷಯ. ‘ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ’ ಎಂಬ ಮಾತು ಈಚೆಗೆ ಸುತ್ತೋಲೆಗಳಲ್ಲಿಯೂ ನ್ಯಾಯಾಲಯದ ತೀರ್ಪುಗಳಲ್ಲಿಯೂ ಧಾರಾಳವಾಗಿ ಬರುತ್ತಿದೆ. ಮಾತು ಹೊಸದು, ಸಂಕಟ ಹಳೆಯದು.

ಹಳೆಯ ಸ್ಥಿತಿಯನ್ನು ತಿಳಿಯಲು ನಮ್ಮ ನೆರೆಯಲ್ಲಿಯೇ ಒಂದು ಒಳ್ಳೆಯ ಆಧಾರವಿದೆ. 1823ರಲ್ಲಿ ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ ಎಂಬಾತನು ತನ್ನ ಜಿಲ್ಲೆಯ ಶಾಲೆಗಳನ್ನು ಕುರಿತು ಮದರಾಸಿನ ಸರಕಾರಕ್ಕೆ ಒಂದು ವರದಿ ಕಳುಹಿಸಿದನು. ಹರಪನಹಳ್ಳಿಯ ಸೀಮೆ ಆಗ ಬಳ್ಳಾರಿಗೆ ಸೇರಿತ್ತು. (1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಅದು ಇತ್ತ ಬಂದಿತು, 2018ರಲ್ಲಿ ಮರಳಿ ಬಳ್ಳಾರಿಗೆ ಹೋಯಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಊರು ಮಾತ್ರ ಇದ್ದಲ್ಲಿಯೇ ಇದೆ!) ಒಂಬತ್ತೂಕಾಲು ಲಕ್ಷಕ್ಕೆ ಮಿಕ್ಕ ಜನಸಂಖ್ಯೆಗೆ 533 ಶಾಲೆಗಳು, ಅವುಗಳಲ್ಲಿ 6,641 ವಿದ್ಯಾರ್ಥಿಗಳು ಎಂದು ಅವನ ಲೆಕ್ಕ. ಮಗುವಿಗೆ ಐದು ವರ್ಷವಾದಾಗ ಮೇಷ್ಟರನ್ನೂ ಶಾಲೆಯ ಮಕ್ಕಳನ್ನೂ ಮನೆಗೆ ಕರೆದು, ಗಣಪತಿಯ ಮುಂದೆ ಕೂರಿಸಿ, ಮಗುವಿನ ಕೈ ಹಿಡಿದು ಅಕ್ಕಿಯ ಮೇಲೆ ದೇವರ ಹೆಸರನ್ನು ಬರೆಸುತ್ತಿದ್ದರೆಂದು ಅವನು ವಿವರಿಸಿದ್ದಾನೆ. ನಮ್ಮಲ್ಲಿ ಅನೇಕರಿಗೆ ಇದು ಕೇಳಿದ ಕಥೆಯಲ್ಲ, ಕಂಡ ಸಂಗತಿ.

ಅದೇ ವರದಿಯಲ್ಲಿ ಶಿಕ್ಷೆಯ ಮಾತೂ ಉಂಟು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯ ಮೇಲೆ ಸರಸ್ವತಿಯ ಹೆಸರನ್ನು ಬರೆಯುವರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಮೆಲ್ಲನೆಯ ಪೆಟ್ಟು, ಅನಂತರ ಬಂದವರಿಗೆ ಒಂದೊಂದು ಪೆಟ್ಟು ಏರುತ್ತ ಹೋಗುವುದು. ಸೋಮಾರಿಯೆನಿಸಿದವನಿಗೆ ಥಳಿತ, ಎರಡೂ ಕೈಗಳನ್ನು ಕಟ್ಟಿ ಗಾಲಿಯಿಂದ ಮಾಡಿಗೆ ತೂಗುಹಾಕುವುದು, ಇಲ್ಲವೆ ಬಿಡುವಿಲ್ಲದೆ ಬಸಕಿ ಹೊಡೆಸುವುದು. ಇದನ್ನೇ ನಮ್ಮ ಹಿರಿಯರು ಕೂಲಿಮಠಗಳ ‘ಕೋದಂಡ’ ಎಂದು ನೆನೆಯುತ್ತಿದ್ದರು. ತಡವಾಗಿ ಬಂದವನನ್ನು ಏಕೆ ತಡವಾಯಿತೆಂದು ಕೇಳುತ್ತಿದ್ದರೆಂಬ ಮಾತು ಆ ವರದಿಯಲ್ಲಿಲ್ಲ. ಆದರೆ ಇದನ್ನು ನಮ್ಮವರ ಕ್ರೌರ್ಯವೆಂದು ಮಾತ್ರ ತಿಳಿಯಬೇಕಾಗಿಲ್ಲ. ಅದೇ ಕಾಲದ ಇಂಗ್ಲೆಂಡಿನಲ್ಲಿ, ಬಡಮಕ್ಕಳ ಶಿಕ್ಷಣಕ್ಕಾಗಿ ಹೆಸರು ಪಡೆದ ಜೋಸೆಫ್ ಲ್ಯಾಂಕಾಸ್ಟರನ ಶಾಲೆಗಳಲ್ಲಿಯೂ ತಪ್ಪು ಮಾಡಿದ ಹುಡುಗರನ್ನು ಬುಟ್ಟಿಯಲ್ಲಿ ಕೂರಿಸಿ ಮಾಡಿಗೆ ತೂಗುಹಾಕುವ ಪದ್ಧತಿಯಿತ್ತು. ಮಗು ಕಲಿಯಲಿಲ್ಲವೆಂದರೆ ಅದಕ್ಕೆ ಮನಸ್ಸಿಲ್ಲ. ಮನಸ್ಸು ಬರುವಂತೆ ಮಾಡಲು ಮೈಯೇ ದಾರಿ: ಎರಡು ದೇಶಗಳ ಮೇಷ್ಟರೂ ಹೀಗೆಯೇ ನಂಬಿದ್ದರು.

ಮೈಸೂರು ಸಂಸ್ಥಾನದಲ್ಲಿ 1868ರ ಸುಮಾರಿಗೆ ಬಿ. ಎಲ್. ರೈಸ್ ಅವರ ಯೋಜನೆಯಂತೆ ಹೋಬಳಿ ಶಾಲೆಗಳು ಬಂದವು. 1913ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆ ಆಯಿತು. ಕಾಯಿದೆ ಆದೊಡನೆ ಎಲ್ಲ ಊರುಗಳಲ್ಲಿಯೂ ಕಡ್ಡಾಯವಾಯಿತೆಂದಲ್ಲ. ಆದರೂ ಅದುವರೆಗೆ ಕಲಿಯುವ ಮನಸ್ಸುಳ್ಳವರು, ಕಲಿಸುವ ಶಕ್ತಿಯುಳ್ಳವರು ಮಾತ್ರ ಹೆಚ್ಚಾಗಿ ಬರುತ್ತಿದ್ದ ಶಾಲೆಗೆ ಎಲ್ಲ ಬಗೆಯ ಮಕ್ಕಳೂ ಬರತೊಡಗಿದರು. ಹಸಿದ ಮಗು, ತಾಯಿಯಿಲ್ಲದ ಮಗು, ಕಿವಿ ಮಂದವಾದ ಮಗು, ತಂದೆಯ ಕುಡಿತಕ್ಕೆ ಹೆದರಿ ರಾತ್ರಿಯೆಲ್ಲ ಎಚ್ಚರವಿದ್ದ ಮಗು ಒಂದೇ ಚಾಪೆಯ ಮೇಲೆ ಕುಳಿತವು. ಮೇಷ್ಟರ ಕೆಲಸ ಅಂದಿನಿಂದ ಕಷ್ಟವಾಯಿತು.

ಅದೇ 1913ರಲ್ಲಿ ದಾವಣಗೆರೆಯಲ್ಲಿ ಬಸವಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸಿದ ಹರ್ಡೇಕರ ಮಂಜಪ್ಪನವರನ್ನು ಇಲ್ಲಿ ನೆನೆಯಬೇಕು. 1886ರಲ್ಲಿ ಬನವಾಸಿಯಲ್ಲಿ ಹುಟ್ಟಿದ ಅವರು ಮೂಲತಃ ಶಾಲಾಮೇಷ್ಟರು. ಸ್ವದೇಶೀ ಚಳವಳಿಯ ಕಾವಿನಲ್ಲಿ, 1906ರಲ್ಲಿ, ಶಿರಸಿಯ ಉಪಾಧ್ಯಾಯ ವೃತ್ತಿಯನ್ನು ಬಿಟ್ಟು ದಾವಣಗೆರೆಗೆ ಬಂದು ‘ಧನುರ್ಧಾರಿ’ ಪತ್ರಿಕೆಯನ್ನು ಹೊರಡಿಸಿದರು. ಮುಂದೆ ಹರಿಹರದಲ್ಲಿ ಆಶ್ರಮ ನಡೆಸಿ, ಅನಂತರ ಆಲಮಟ್ಟಿಗೆ ಹೋಗಿ ಅಲ್ಲಿ ವಿದ್ಯಾಲಯವನ್ನು ಕಟ್ಟಿದರು. ‘ಕರ್ನಾಟಕದ ಗಾಂಧಿ’ ಎಂದು ಜನ ಅವರನ್ನು ಕರೆದದ್ದು ಓದುಗರಿಗೆ ತಿಳಿದೇ ಇದೆ. ವಿದ್ಯಾರ್ಥಿಯ ನಡತೆ ಅವರ ಚಿಂತನೆಯ ನಡುವಣ ವಿಷಯ. ಬೆಳಗಿನ ಜಾವದ ಏಳುವಿಕೆ, ಕಾಯಕ, ಪ್ರಾರ್ಥನೆ, ಸರಳ ಊಟ ಇವುಗಳಿಂದ ಹುಡುಗನ ಮನಸ್ಸು ತಿಳಿಯಾಗುವುದೆಂದು ಅವರು ನಂಬಿದ್ದರು. ಮಗುವಿನ ಒಳಗನ್ನು ಅವರು ಲಘುವಾಗಿ ಕಾಣಲಿಲ್ಲವೆಂಬುದು ದೊಡ್ಡ ಮಾತು. ಆದರೆ ಅವರ ದೃಷ್ಟಿಯಲ್ಲಿ ಕೆಟ್ಟ ನಡತೆಯೆಂಬುದು ಜಯಿಸಬೇಕಾದ ದೌರ್ಬಲ್ಯ. ಕೇಳಬೇಕಾದ ದೂರು ಅಲ್ಲ. ಆ ತಲೆಮಾರಿನ ಅತ್ಯುತ್ತಮ ಮೇಷ್ಟರುಗಳೆಲ್ಲರೂ ಹೆಚ್ಚುಕಡಿಮೆ ಹೀಗೆಯೇ ಇದ್ದರೆಂದು ನನ್ನ ಎಣಿಕೆ. ಸೋಲುವ ಹುಡುಗನ ಬಗ್ಗೆ ಅವರಿಗೆ ಮರುಕವಿತ್ತು, ಸೋಲಿನ ಕಾರಣದ ಬಗ್ಗೆ ಕುತೂಹಲವಿರಲಿಲ್ಲ.

ಆ ಕುತೂಹಲ ಹುಟ್ಟಿದ್ದು ದೂರದ ಅಮೆರಿಕದಲ್ಲಿ. ಹುಟ್ಟಿಸಿದವರು ಶಾಲೆಯ ಒಬ್ಬ ಉಪಾಧ್ಯಾಯಿನಿ ಎಂಬುದು ನಮ್ಮ ಮೇಷ್ಟರುಗಳು ಹೆಮ್ಮೆಪಡಬೇಕಾದ ವಿಷಯ. 1896ರ ಮಾರ್ಚಿಯಲ್ಲಿ ಫಿಲಡೆಲ್ಫಿಯಾದ ಮಾರ್ಗರೆಟ್ ಮಗ್ವೈರ್ ಎಂಬ ಉಪಾಧ್ಯಾಯಿನಿಯು, ಬುದ್ಧಿವಂತನಾಗಿದ್ದರೂ ಕಾಗುಣಿತ ಹತ್ತದ ಒಬ್ಬ ಹುಡುಗನನ್ನು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಲೈಟ್ನರ್ ವಿಟ್ಮರನ ಬಳಿಗೆ ಕರೆದೊಯ್ದರು. ಮನಶ್ಶಾಸ್ತ್ರವೆಂಬುದು ನಿಜವಾದ ವಿದ್ಯೆಯಾದರೆ ಈ ಹುಡುಗನಿಗೆ ಅದು ನೆರವಾಗಬೇಕು ಎಂಬುದು ಅವರ ವಾದ. ಪ್ರಾಧ್ಯಾಪಕನು ಪರೀಕ್ಷಿಸಿ ನೋಡಲಾಗಿ ಹುಡುಗನ ಕಣ್ಣಿನಲ್ಲಿ ದೋಷವಿತ್ತು. ಜಗತ್ತಿನ ಮೊದಲ ಮನಶ್ಶಾಸ್ತ್ರೀಯ ಚಿಕಿತ್ಸಾಲಯ ಹುಟ್ಟಿದ್ದು ಹೀಗೆ. ಹುಡುಗನನ್ನು ದಡ್ಡನೆಂದು ಬೆಂಚಿನ ಮೇಲೆ ನಿಲ್ಲಿಸಿದ್ದರೆ ಅದು ಅಂದು ಹುಟ್ಟುತ್ತಿರಲಿಲ್ಲ.

ಅನಂತರದ ಕಥೆ ನಮ್ಮ ನಾಡಿನ ಹತ್ತಿರಕ್ಕೆ ಬರುತ್ತದೆ. 1905ರಲ್ಲಿ ಪ್ಯಾರಿಸಿನಲ್ಲಿ ಆಲ್ಫ್ರೆಡ್ ಬಿನೆಯು, ಶಾಲೆಯಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸುವುದಕ್ಕಾಗಿ ಬುದ್ಧಿಯನ್ನು ಅಳೆಯುವ ಪರೀಕ್ಷೆಗಳನ್ನು ರಚಿಸಿದನು. 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. (ಮೈಸೂರಿನ ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಬಿತ್ತರಿಸಿದವರೂ ಇವರೇ.) ತುಂಗಭದ್ರೆಯ ಆಚೆ, ಅಂದಿನ ಮುಂಬಯಿ ಪ್ರಾಂತದ ಧಾರವಾಡದ ಕಡೆ, ವಿ. ವಿ. ಕಾಮತರು ಬಿನೆಯ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದುವಂತೆ ಪರಿಷ್ಕರಿಸಿ, 1940ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಬಿನೆ–ಕಾಮತ್ ಪರೀಕ್ಷೆಯೆಂದು ಅದು ಇಂದಿಗೂ ಬಳಕೆಯಲ್ಲಿದೆ. ಹರಿಹರವು ಈ ಎರಡು ವಿದ್ಯಾಕೇಂದ್ರಗಳ ನಡುವೆ, 1956ರವರೆಗೆ ಎರಡು ಆಡಳಿತಗಳ ಗಡಿಯಾಗಿದ್ದ ಹೊಳೆಯ ದಂಡೆಯ ಮೇಲೆ ಕುಳಿತಿತ್ತು. ಈಚೆಯ ದಡದಲ್ಲಿ ‘ಶಾಲೆ’, ಆಚೆಯ ದಡದಲ್ಲಿ ‘ಸಾಲಿ’; ಈಚೆ ‘ಮೇಷ್ಟ್ರು’, ಆಚೆ ‘ಮಾಸ್ತರು’. ಮಗುವಿನ ಅಳು ಎರಡೂ ದಡಗಳಲ್ಲಿ ಒಂದೇ. ಮೈಸೂರಿನ ವಿದ್ಯೆಯಾಗಲಿ ಧಾರವಾಡದ ವಿದ್ಯೆಯಾಗಲಿ ಬಹುಕಾಲ ತರಬೇತಿ ಶಾಲೆಯ ಪಠ್ಯದಲ್ಲಿ ನಿಂತಿತು. ತರಗತಿಯ ಹೊಸ್ತಿಲು ದಾಟಲು ಅದಕ್ಕೆ ಕಾಲ ಹಿಡಿಯಿತು.

ಈ ನಡುವೆ, 1928ರಲ್ಲಿ, ಅಮೆರಿಕದಲ್ಲಿ ಇ. ಕೆ. ವಿಕ್‌ಮನ್ ಎಂಬಾತನು ಪ್ರಕಟಿಸಿದ ಒಂದು ಅಧ್ಯಯನವನ್ನು ಪ್ರತಿಯೊಂದು ಶಾಲೆಯ ಸಿಬ್ಬಂದಿಯೂ ಓದಬೇಕು. ಮಕ್ಕಳ 50 ಬಗೆಯ ನಡವಳಿಕೆಗಳ ಪಟ್ಟಿಯನ್ನು ಮಾಡಿ, ಇವುಗಳಲ್ಲಿ ಯಾವುದು ಹೆಚ್ಚು ಗಂಭೀರವೆಂದು ಅವನು 511 ಮಂದಿ ಉಪಾಧ್ಯಾಯರನ್ನೂ 30 ಮಂದಿ ಮಾನಸಿಕ ಆರೋಗ್ಯ ತಜ್ಞರನ್ನೂ ಕೇಳಿದನು. ಕಳ್ಳತನ, ಸುಳ್ಳು, ಶಾಲೆ ತಪ್ಪಿಸುವುದು, ಎದುರು ಮಾತು ಇವು ಗಂಭೀರವೆಂದರು ಉಪಾಧ್ಯಾಯರು. ತಜ್ಞರ ಉತ್ತರ ಬೇರೆಯಾಗಿತ್ತು. ಯಾರೊಡನೆಯೂ ಬೆರೆಯದಿರುವುದು, ಅನುಮಾನ, ಕೊರಗು, ಅಂಜಿಕೆ ಇವೇ ಹೆಚ್ಚು ಅಪಾಯಕರವೆಂದು ಅವರ ಅಭಿಪ್ರಾಯ. ಅಂದರೆ ಮೇಷ್ಟರನ್ನು ಗೋಳುಹೊಯ್ದುಕೊಳ್ಳುವ ಹುಡುಗ ಮೇಷ್ಟರ ಕಣ್ಣಿಗೆ ಬೀಳುತ್ತಾನೆ. ಮೂಲೆಯಲ್ಲಿ ತೆಪ್ಪಗೆ ಕುಳಿತು ‘ಒಳ್ಳೆಯವಳು’ ಎನಿಸಿಕೊಂಡ ಹುಡುಗಿ ಬೀಳುವುದಿಲ್ಲ. ಮೇಷ್ಟರ ಪರವಾಗಿಯೂ ಒಂದು ಮಾತು ಹೇಳಬೇಕು. ಎರಡು ಗುಂಪಿನವರಿಗೆ ಕೇಳಿದ ಪ್ರಶ್ನೆ ಒಂದೇ ಆಗಿರಲಿಲ್ಲ. ಉಪಾಧ್ಯಾಯರನ್ನು ಇಂದಿನ ತರಗತಿಯ ತೊಂದರೆಯನ್ನೂ ತಜ್ಞರನ್ನು ಮಗುವಿನ ಮುಂದಿನ ಬಾಳನ್ನೂ ನೋಡಿ ಹೇಳಿರೆಂದು ಕೇಳಲಾಗಿತ್ತು ಎಂದು ಅನಂತರದ ವಿದ್ವಾಂಸರು ಎತ್ತಿ ತೋರಿಸಿದ್ದಾರೆ. ಅರವತ್ತು ಮಕ್ಕಳ ತರಗತಿಯನ್ನು ಒಂದು ಗಂಟೆ ಹಿಡಿದು ನಿಲ್ಲಿಸಬೇಕಾದವನಿಗೆ ಗದ್ದಲವೇ ಮೊದಲ ಶತ್ರು. ಅದು ಅವನ ಕಲ್ಲೆದೆಯಲ್ಲ, ಅವನ ಪಾಡು.

ದಾವಣಗೆರೆಯಂಥ ಊರಿನಲ್ಲಿ ಈ ಪಾಡಿಗೆ ತನ್ನದೇ ಬಣ್ಣವಿತ್ತು. 1930ರ ದಶಕದಿಂದೀಚೆಗೆ ಗಿರಣಿಗಳ ಪಾಳಿಯ ಕೂಗು ಊರಿನ ಗಡಿಯಾರವಾಯಿತು. ತಂದೆ ರಾತ್ರಿ ಪಾಳಿಯಿಂದ ಬಂದು ಮಲಗುವ ಹೊತ್ತಿಗೆ ಮಗು ಶಾಲೆಗೆ ಹೊರಡುವುದು. ಮಗು ಮನೆಗೆ ಬರುವ ಹೊತ್ತಿಗೆ ತಂದೆ ಮತ್ತೆ ಹೊರಡುವುದು. ಮಂಡಕ್ಕಿ ಭಟ್ಟಿಗಳ ಓಣಿಗಳಲ್ಲಿ ನಸುಕಿಗೇ ಬೆಂಕಿ ಹೊತ್ತುವುದು. ಬಿಸಿ ಮರಳಿನ ಮುಂದೆ ದೊಡ್ಡವರ ಜೊತೆ ಮಕ್ಕಳೂ ದುಡಿದರೆಂಬುದು ಮುಚ್ಚಿಡುವ ಸಂಗತಿಯಲ್ಲ. 14 ವರ್ಷದೊಳಗಿನ ಮಕ್ಕಳನ್ನು ಯಾವ ಉದ್ಯೋಗಕ್ಕೂ ಹಚ್ಚಬಾರದೆಂಬ ಪೂರ್ಣ ನಿಷೇಧ ಬಂದದ್ದು 2016ರ ತಿದ್ದುಪಡಿಯಿಂದ. ಭಟ್ಟಿಯಿಂದ ಬಂದ ಹುಡುಗ ಎರಡನೆಯ ಪಿರಿಯಡ್ಡಿನಲ್ಲಿ ತೂಕಡಿಸಿದರೆ ಮೇಷ್ಟರ ಪುಸ್ತಕದಲ್ಲಿ ಅದು ‘ಅಲಕ್ಷ್ಯ’.

ನಾನು ಓದಿದ ಮಾಧ್ಯಮಿಕ ಶಾಲೆಯ ಒಂದು ನೆನಪು ಇಲ್ಲಿ ಬಂದುಬಿಡುತ್ತದೆ. ಶಾಲೆಯ ಹೆಸರು ಬೇಡ. ನಮ್ಮ ತರಗತಿಯ ಒಬ್ಬ ಹುಡುಗ ತಾಯಿ ತೀರಿಹೋದ ಮೇಲೆ ಮಾತು ನಿಲ್ಲಿಸಿದ. ಹೆಸರು ಕೂಗಿದರೆ ‘ಹಾಜರ್’ ಎನ್ನುವನು, ಅಷ್ಟೆ. ಲೆಕ್ಕದ ಮೇಷ್ಟರು ಉತ್ತರ ಕೇಳಿ, ಉತ್ತರ ಬಾರದೆ, ಮೊಂಡನೆಂದು ಬೆಂಚಿನ ಮೇಲೆ ನಿಲ್ಲಿಸಿದರು, ಮರುದಿನವೂ ನಿಲ್ಲಿಸಿದರು. ಬೆತ್ತವೂ ಬಿದ್ದಿತು. ಈ ಹುಡುಗ ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗದೆ ನೀರಿನ ತೊಟ್ಟಿಯ ಹಿಂದೆ ಕೂರುತ್ತಾನೆಂಬುದನ್ನು ಕಂಡವನು ಶಾಲೆಯ ಜವಾನ. ಅವನು ಎರಡು ದಿನ ಸುಮ್ಮನೆ ನೋಡಿ, ಮೂರನೆಯ ದಿನ ತನ್ನ ಬುತ್ತಿಯ ರೊಟ್ಟಿಯಲ್ಲಿ ಅರ್ಧ ಕೊಟ್ಟು, ನಾಲ್ಕನೆಯ ದಿನ ಹೆಡ್ ಮೇಷ್ಟರ ಕೋಣೆಗೆ ಹೋಗಿ, ‘ಸ್ವಾಮಿ, ಆ ಹುಡುಗನ್ನ ಹೊಡಿಯೋದು ಬ್ಯಾಡ, ಅವನು ಮನಿಗೇ ಹೋಗ್ತಿಲ್ಲ’ ಎಂದು ಹೇಳಿದನಂತೆ. ಹೆಡ್ ಮೇಷ್ಟರು ಮನಶ್ಶಾಸ್ತ್ರ ಓದಿದವರಲ್ಲ. ಅವರು ಹುಡುಗನನ್ನು ಕರೆದು ಯಾವ ಉಪದೇಶವನ್ನೂ ಮಾಡಲಿಲ್ಲ. ನಾಳೆಯಿಂದ ಗಂಟೆ ಬಾರಿಸುವ ಕೆಲಸ ನಿನ್ನದು ಎಂದರು. ನಮ್ಮ ಶಾಲೆಯ ಗಂಟೆಯೆಂದರೆ ಮರಕ್ಕೆ ತೂಗುಹಾಕಿದ ರೈಲುಕಂಬಿಯ ತುಂಡು. ಹುಡುಗ ಎಲ್ಲರಿಗಿಂತ ಮೊದಲೇ ಬಂದು ಗಡಿಯಾರ ನೋಡಿ ನಿಲ್ಲತೊಡಗಿದ. ದಸರೆಯ ರಜೆಯ ಹೊತ್ತಿಗೆ ಒಂದೆರಡು ಮಾತು ಆಡಿದ. ಆ ಕಥೆ ಅಲ್ಲಿಗೇ ಸುಖವಾಗಿ ಮುಗಿಯಿತೆಂದು ಹೇಳಲಾರೆ. ಏಳನೆಯ ತರಗತಿಯ ಅನಂತರ ಅವನು ಶಾಲೆಗೆ ಬರಲಿಲ್ಲ. ಆದರೆ ಆ ವರ್ಷ ಅವನು ಉಳಿದನು. ಉಳಿಸಿದವರು ಜವಾನನೂ ಹೆಡ್ ಮೇಷ್ಟರೂ. ಇಬ್ಬರಲ್ಲಿ ಮೊದಲು ಕಂಡವನು ಜವಾನ.

ಸ್ವಾತಂತ್ರ್ಯದ ಅನಂತರ ಆಯೋಗಗಳು ಬಂದವು. 1952–53ರ ಮೊದಲಿಯಾರ್ ಆಯೋಗವು ಪ್ರೌಢಶಾಲೆಗಳಲ್ಲಿ ವಿದ್ಯಾರ್ಥಿಗಳಿಗೆ ಮಾರ್ಗದರ್ಶನವಿರಬೇಕೆಂದಿತು. 1964–66ರ ಕೊಠಾರಿ ಆಯೋಗವು ಇನ್ನೂ ಸ್ಪಷ್ಟವಾಗಿ, ಹತ್ತು ಪ್ರೌಢಶಾಲೆಗಳಿಗೆ ಒಬ್ಬ ಸಂಚಾರಿ ಸಲಹೆಗಾರನಾದರೂ ಇರಲಿ ಎಂದಿತು. ಹತ್ತು ಶಾಲೆಗೆ ಒಬ್ಬ! ಅದು ದುಬಾರಿ ಬೇಡಿಕೆಯೇನಲ್ಲ. ದಾವಣಗೆರೆ, ಹರಿಹರಗಳ ಸರಕಾರಿ ಶಾಲೆಗಳಲ್ಲಿ ಓದಿದ ನನ್ನ ವಯಸ್ಸಿನವರನ್ನು ಕೇಳಿ ನೋಡಿ. ಅಂಥ ಸಂಚಾರಿಯನ್ನು ಕಂಡವರು ಸಿಕ್ಕುವುದು ಕಷ್ಟ. ಇನ್‌ಸ್ಪೆಕ್ಟರ ಸಾಹೇಬರನ್ನು ಮಾತ್ರ ಎಲ್ಲರೂ ಕಂಡಿದ್ದಾರೆ.

ನಿಜವಾದ ತಿರುವು ಬೆಂಗಳೂರಿನಿಂದ ಬಂದಿತು. 1954ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. 1974ರಲ್ಲಿ ಅದು ಮಾನಸಿಕ ಆಸ್ಪತ್ರೆಯೊಡನೆ ಕೂಡಿ ನಿಮ್ಹಾನ್ಸ್ ಆಯಿತು. ಅಲ್ಲಿನ ಡಾ. ಮಾಳವಿಕಾ ಕಪೂರ್ ಅವರೂ ಸಹೋದ್ಯೋಗಿಗಳೂ 1970ರ ದಶಕದ ಕೊನೆಯ ಹೊತ್ತಿಗೆ ಹಿಡಿದ ದಾರಿ ನಮ್ಮ ದೇಶದ ಸ್ಥಿತಿಗೆ ತಕ್ಕದ್ದಾಗಿತ್ತು. ಮಕ್ಕಳ ಸಂಖ್ಯೆ ಕೋಟಿಗಟ್ಟಲೆ, ತಜ್ಞರು ಬೆರಳೆಣಿಕೆ. ಮಗುವನ್ನು ತಜ್ಞನ ಬಳಿಗೆ ಒಯ್ಯುವುದಕ್ಕಿಂತ ತಜ್ಞನ ತಿಳಿವಳಿಕೆಯ ಒಂದು ಪಾಲನ್ನು ಮೇಷ್ಟರಿಗೆ ಒಯ್ಯುವುದೇ ಲೇಸೆಂದು ಅವರು ಶಾಲೆಯ ಉಪಾಧ್ಯಾಯರಿಗೆ ತರಬೇತಿ ಕೊಡಲಾರಂಭಿಸಿದರು. ಓದಿನಲ್ಲಿ ಹಿಂದೆ ಬಿದ್ದ ಮಗುವಿಗೆ ಕಲಿಕೆಯ ತೊಡಕಿರಬಹುದು. ಗದ್ದಲ ಮಾಡುವ ಮಗುವಿಗೆ ಗಮನವಿಡುವುದೇ ಕಷ್ಟವಾಗಿರಬಹುದು. ಪ್ರತಿ ಸೋಮವಾರ ಹೊಟ್ಟೆನೋವೆನ್ನುವ ಮಗು ಸುಳ್ಳು ಹೇಳುತ್ತಿಲ್ಲದಿರಬಹುದು. ಇವನ್ನು ಬೇರ್ಪಡಿಸಿ ನೋಡುವ ಕಣ್ಣು, ಸಣ್ಣ ತೊಂದರೆಗೆ ತಾನೇ ಕಿವಿಗೊಡುವ ತಾಳ್ಮೆ, ದೊಡ್ಡದನ್ನು ವೈದ್ಯರಿಗೆ ದಾಟಿಸುವ ವಿವೇಕ, ಇಷ್ಟೇ ಆ ತರಬೇತಿಯ ಸಾರ. ಭಾರತೀಯ ಶಾಲೆಗಳಲ್ಲಿ ಮಾನಸಿಕ ಆರೋಗ್ಯವನ್ನು ಕುರಿತ ಡಾ. ಕಪೂರರ ಗ್ರಂಥ 1997ರಲ್ಲಿ ಬಂದಿತು. ದಾವಣಗೆರೆ ಜಿಲ್ಲೆಯಾದ ವರ್ಷವೇ ಅದು.

ಈ ವಿದ್ಯೆ ಕನ್ನಡದಲ್ಲಿ ಹರಡಿದುದಕ್ಕೆ ಬರಹಗಾರ ವೈದ್ಯರಿಗೂ ನಾವು ಋಣಿಗಳು. ‘ಕೊರವಂಜಿ’ಯ ರಾಶಿ ಎಂದರೆ ನಗುವ ಜನ, ಅದೇ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದುದನ್ನು ಮರೆಯುವುದುಂಟು. ಮನೋವೈದ್ಯಕ್ಕೆ ಸಂಬಂಧಿಸಿದ ಪುಸ್ತಕಕ್ಕೆ ಸಾಹಿತ್ಯದ ಮನ್ನಣೆ! ಅವರ ಅನಂತರ ನಿಮ್ಹಾನ್ಸಿನ ಡಾ. ಸಿ. ಆರ್. ಚಂದ್ರಶೇಖರ್ ಅವರು ಪರೀಕ್ಷೆಯ ಭಯ, ಮರೆವು, ಹರೆಯದ ಗೊಂದಲಗಳನ್ನು ಕುರಿತು ಸರಳ ಕನ್ನಡದಲ್ಲಿ ಬರೆದ ಪುಸ್ತಕಗಳು ಬಸ್ ನಿಲ್ದಾಣದ ಅಂಗಡಿಗಳವರೆಗೂ ಮುಟ್ಟಿದವು. ಸುತ್ತೋಲೆ ಮುಟ್ಟದ ಹಳ್ಳಿಯ ಮೇಷ್ಟರ ಕೈಗೆ ಇಂಥ ಪುಸ್ತಕ ಮುಟ್ಟಿತೆಂದು ನಂಬಲು ಅಡ್ಡಿಯಿಲ್ಲ.

ಚಿಕಿತ್ಸೆಯ ಏರ್ಪಾಡೂ ಈ ಸೀಮೆಗೆ ನಿಧಾನವಾಗಿ ಬಂದಿತು. 1965ರಲ್ಲಿ ದಾವಣಗೆರೆಯಲ್ಲಿ ಜೆ. ಜೆ. ಎಂ. ವೈದ್ಯಕೀಯ ಕಾಲೇಜು ತೆರೆಯಿತು. 1985ರಿಂದ 1990ರವರೆಗೆ ನಿಮ್ಹಾನ್ಸಿನವರು ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ, ಹಳ್ಳಿಯ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗಗಳ ಪ್ರಾಥಮಿಕ ಚಿಕಿತ್ಸೆಯನ್ನು ಕಲಿಸಿ ನೋಡಿದರು. ‘ಬಳ್ಳಾರಿ ಮಾದರಿ’ಯೆಂದು ಅದು ದೇಶಕ್ಕೆಲ್ಲ ಮೇಲ್ಪಂಕ್ತಿಯಾಗಿ, 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. 2014ರಲ್ಲಿ ರಾಜ್ಯಸರಕಾರವು ‘ಮನೋಚೈತನ್ಯ’ವೆಂಬ ಹೆಸರಿನಿಂದ ಮಂಗಳವಾರದ ದಿನ ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಹೋಗುವ ಏರ್ಪಾಡನ್ನು ಮಾಡಿತು. ಹರಿಹರದ ಮೇಷ್ಟರು ಮಗುವನ್ನು ‘ಯಾರಿಗಾದರೂ ತೋರಿಸಿ’ ಎಂದಾಗ ‘ಯಾರಿಗೆ?’ ಎಂದು ತಂದೆತಾಯಿಗಳು ಕೇಳುವ ಪ್ರಶ್ನೆಗೆ ಅಷ್ಟರಮಟ್ಟಿಗೆ ಉತ್ತರ ಸಿಕ್ಕಿತು. ‘ಹುಚ್ಚಾಸ್ಪತ್ರೆ’ಯೆಂಬ ಮಾತಿನ ಹೆದರಿಕೆ ಮಾತ್ರ ಯಾವ ಸರಕಾರಿ ಆದೇಶದಿಂದಲೂ ಹೋಗುವಂಥದಲ್ಲ. ಅದನ್ನು ಕಳೆಯಬಲ್ಲವರು ತಂದೆತಾಯಿಗಳು ನಂಬುವ ಮೇಷ್ಟರು ಒಬ್ಬರೇ.

ಊರಿನ ಸಂಕಟ ಶಾಲೆಯೊಳಕ್ಕೆ ಹೇಗೆ ನುಗ್ಗುತ್ತದೆಂಬುದನ್ನು ಹರಿಹರ ಚೆನ್ನಾಗಿ ಬಲ್ಲದು. 1941ರಲ್ಲಿ ಆರಂಭವಾಗಿ ಲೇಥ್ ಯಂತ್ರಗಳಿಗೆ ಹೆಸರಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಈ ಶತಮಾನದ ಆರಂಭದ ಹೊತ್ತಿಗೆ ನಿಂತುಹೋಯಿತು. ದಾವಣಗೆರೆಯ ಹತ್ತಿಯ ಗಿರಣಿಗಳಲ್ಲಿ ಬಹುಪಾಲು ಅದಕ್ಕೆ ಮುಂಚೆಯೇ ಮುಚ್ಚಿದ್ದವು. ಸಂಬಳ ನಿಂತ ಮನೆಯ ಮಗುವಿಗೆ ಸಂಬಳವೆಂದರೆ ಏನೆಂದು ತಿಳಿಯದಿರಬಹುದು. ಮನೆಯ ಮೌನ ತಿಳಿಯುತ್ತದೆ. ಅದು ಶಾಲೆಯಲ್ಲಿ ಕಳೆದ ಪೆನ್ಸಿಲ್ಲಾಗಿ, ಕಟ್ಟದ ಶುಲ್ಕವಾಗಿ, ಜಗಳವಾಗಿ, ಕಡಿಮೆ ಅಂಕವಾಗಿ ಕಾಣಿಸಿಕೊಳ್ಳುತ್ತದೆ.

ಕಾನೂನು ಬೆತ್ತವನ್ನು ಕಿತ್ತುಕೊಂಡದ್ದು ತೀರ ಈಚೆಗೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು. ಇದನ್ನು ಎಲ್ಲರೂ ಬಲ್ಲರು. ಅದರ ಹಿಂದಿನ, 16ನೆಯ ಕಲಮನ್ನು ಅಷ್ಟಾಗಿ ನೆನೆಯುವುದಿಲ್ಲ: ಎಂಟನೆಯ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಗೆ ಹಾಕುವಂತಿಲ್ಲ. ನಮ್ಮ ಕಾಲದಲ್ಲಿ ‘ಕೆಟ್ಟ’ ಹುಡುಗನಿಗೆ ಶಾಲೆ ಕೊಡುತ್ತಿದ್ದ ಮದ್ದು ಎರಡೇ, ಬೆತ್ತ ಮತ್ತು ಟಿ.ಸಿ. ಎರಡನ್ನೂ ಕಾನೂನು ಒಮ್ಮೆಗೇ ತೆಗೆದುಹಾಕಿತು. ಅವುಗಳ ಬದಲಿಗೆ ಏನು ಮಾಡಬೇಕೆಂಬುದನ್ನು ಅಷ್ಟೇ ಬೇಗ ಕಲಿಸಲಿಲ್ಲ. ‘ಹೊಡೆಯಬಾರದು, ಹೊರಗೆ ಹಾಕಬಾರದು, ಮತ್ತೆ ಮಾಡೋದೇನು?’ ಎಂದು ಹಿರಿಯ ಮೇಷ್ಟರುಗಳು ಗೊಣಗುವುದನ್ನು ನಾನೂ ಕೇಳಿದ್ದೇನೆ. ಗೊಣಗಿನಲ್ಲಿ ಸ್ವಲ್ಪ ನ್ಯಾಯವೂ ಉಂಟು.

ಪರೀಕ್ಷೆಯ ವಿಷಯದಲ್ಲಿ ಒಂದು ಒಳ್ಳೆಯ ಮಾರ್ಪಾಡು ಆಗಿದೆ. ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನ ಎಳೆಯ ಜೀವಗಳು ಹತಾಶೆಗೆ ಬೀಳುವ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿ ನೊಂದವರು ನಾವು. 2023–24ರಲ್ಲಿ ಪರೀಕ್ಷೆ 1, 2, 3 ಎಂದು ವರ್ಷಕ್ಕೆ ಮೂರು ಅವಕಾಶಗಳಾಗಿ, ಅವುಗಳಲ್ಲಿ ಉತ್ತಮವಾದ ಅಂಕವನ್ನು ಇಟ್ಟುಕೊಳ್ಳುವ ಏರ್ಪಾಡಾಯಿತು. ‘ಪೂರಕ ಪರೀಕ್ಷೆ’ಯೆಂಬ ಹಣೆಪಟ್ಟಿ ಹೋಯಿತು. ಆದರೆ ಫಲಿತಾಂಶದ ಮಧ್ಯಾಹ್ನ ಫೋನು ಮಾಡಿ ‘ಇನ್ನೂ ಅವಕಾಶ ಇದೆಯಪ್ಪ, ನಾಳೆ ಶಾಲೆಗೆ ಬಾ’ ಎನ್ನುವ ಮೇಷ್ಟರಿಲ್ಲದಿದ್ದರೆ ನಿಯಮ ಮಂಡಲಿಯ ಜಾಲತಾಣದಲ್ಲಿಯೇ ಉಳಿಯುತ್ತದೆ.

2020ರ ಮಾರ್ಚಿಯಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದವು. ಆ ವರ್ಷ ‘ವಿದ್ಯಾಗಮ’ದ ಹೆಸರಿನಲ್ಲಿ ಮೇಷ್ಟರೇ ಮಕ್ಕಳಿದ್ದಲ್ಲಿಗೆ ಹೋಗಿ, ಗುಡಿಯ ಕಟ್ಟೆ, ಮರದ ನೆರಳುಗಳಲ್ಲಿ ಪಾಠ ಹೇಳಿದರು, ರೋಗ ಹರಡುವ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಲಾಯಿತು. ಅಲ್ಪಕಾಲದ್ದಾದರೂ ಅದರಿಂದ ಒಂದು ಉಪಕಾರವಾಯಿತು. ಎಷ್ಟೋ ವರ್ಷಗಳಿಂದ ಹಾಜರಿ ಪುಸ್ತಕದಲ್ಲಿ ಮಾತ್ರ ಕಂಡಿದ್ದ ಮಗುವಿನ ಮನೆಯ ಬಾಗಿಲನ್ನು ಮೇಷ್ಟರು ಕಂಡರು. ಅದೇ 2020ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರವು ಶಾಲೆಗೆ ಇಬ್ಬರು ಉಪಾಧ್ಯಾಯರನ್ನು ‘ಆರೋಗ್ಯ ರಾಯಭಾರಿ’ಗಳನ್ನಾಗಿ ಮಾಡುವ ಯೋಜನೆಯನ್ನು ಘೋಷಿಸಿತ್ತು, ಅವರು ಹೇಳಿಕೊಡಬೇಕಾದ ವಿಷಯಗಳಲ್ಲಿ ಮನಸ್ಸಿನ ಆರೋಗ್ಯವೂ ಒಂದು. 2022ರ ಅಕ್ಟೋಬರ್ 10ರಂದು ಟೆಲಿ-ಮಾನಸ್ ಆರಂಭವಾಯಿತು. 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಖರ್ಚಿಲ್ಲದೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆಯನ್ನು ಶಾಲೆಯ ಗೋಡೆಯ ಮೇಲೆ, ಗಾದೆಗಳ ಪಕ್ಕದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಸುವುದಕ್ಕೆ ಒಂದು ಡಬ್ಬಿ ಬಣ್ಣ ಸಾಕು.

ಮೇಷ್ಟರ ಹೆಗಲ ಮೇಲೆ ಎಷ್ಟು ಹೊರಿಸಬಹುದೆಂಬುದೂ ಪ್ರಶ್ನೆಯೇ. ಚುನಾವಣೆ, ಗಣತಿ, ಹಾಲು, ಮೊಟ್ಟೆಯ ಲೆಕ್ಕ, ಆ್ಯಪಿಗೆ ಹಾಕಬೇಕಾದ ಫೋಟೋ! ಇಷ್ಟರ ನಡುವೆ ಅಳುವ ಮಗುವಿನ ಪಕ್ಕದಲ್ಲಿ ಹದಿನೈದು ನಿಮಿಷ ಕೂರಲು ಅವರಿಗೆ ಬಿಡುವು ಕೊಟ್ಟವರಾರು? ಮೇಷ್ಟರು ವೈದ್ಯರಾಗಬೇಕಾಗಿಲ್ಲ, ಆಗಲೂ ಬಾರದು. ಕಾಯಿಲೆಗೆ ಹೆಸರಿಡುವುದು ಅವರ ಕೆಲಸವಲ್ಲ. ಗುಟ್ಟನ್ನು ಕಾಯುವುದರಲ್ಲಿಯೂ ಮಿತಿಯುಂಟು: 2012ರ ಪೋಕ್ಸೋ ಕಾಯಿದೆಯಂತೆ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾಗಿರುವುದು ತಿಳಿದರೆ ಅದನ್ನು ಪೊಲೀಸರಿಗೆ ತಿಳಿಸಲೇಬೇಕು. ‘ಯಾರಿಗೂ ಹೇಳಬೇಡಿ ಮಿಸ್’ ಎಂದು ಮಗು ಅಳುವಾಗ ಆ ಮಾತನ್ನು ಕೊಡಲಾರದ ಉಪಾಧ್ಯಾಯಿನಿಯ ಇಕ್ಕಟ್ಟನ್ನು ಯಾವ ತರಬೇತಿಯೂ ಪೂರ್ತಿಯಾಗಿ ಬಿಡಿಸಲಾರದು.

2025ರ ಜುಲೈ 25ರಂದು ಸುಪ್ರೀಂ ಕೋರ್ಟು, ಆಂಧ್ರದಲ್ಲಿ ಓದುತ್ತಿದ್ದ ಒಬ್ಬ ವಿದ್ಯಾರ್ಥಿನಿಯ ಸಾವಿಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ, ದೇಶದ ಎಲ್ಲ ವಿದ್ಯಾಸಂಸ್ಥೆಗಳಿಗೂ ಅನ್ವಯಿಸುವ ಸೂಚನೆಗಳನ್ನು ಕೊಟ್ಟಿತು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹ ಆಪ್ತಸಲಹೆಗಾರರೊಬ್ಬರಾದರೂ ಇರಬೇಕು. ಅದಕ್ಕಿಂತ ಚಿಕ್ಕವು ಹೊರಗಿನ ತಜ್ಞರೊಡನೆ ಸಂಪರ್ಕ ಇಟ್ಟುಕೊಳ್ಳಬೇಕು. ಹತ್ತು ಶಾಲೆಗೊಬ್ಬನೆಂದ ಕೊಠಾರಿ ಆಯೋಗದಿಂದ ಇಲ್ಲಿಗೆ ಸುಮಾರು ಅರವತ್ತು ವರ್ಷ. ಜಗಳೂರು, ಚನ್ನಗಿರಿಗಳ ಹಳ್ಳಿಗಾಡಿನಲ್ಲಿ ನೂರು ಮಕ್ಕಳಿಲ್ಲದ ಶಾಲೆಗಳು ಅಪರೂಪವಲ್ಲ. ಅಲ್ಲಿಗೆ ಸಲಹೆಗಾರರು ಬರುವವರೆಗೆ, ಬಂದ ಮೇಲೂ, ಇದ್ದ ಸಿಬ್ಬಂದಿಯೇ ಗತಿ.

ಆ ಸೂಚನೆಗಳಲ್ಲಿ ಇನ್ನೊಂದು ಉಂಟು. ವರ್ಷಕ್ಕೆ ಎರಡು ಬಾರಿಯಾದರೂ ಸಿಬ್ಬಂದಿಗೆ ಈ ವಿಷಯದಲ್ಲಿ ತರಬೇತಿಯಾಗಬೇಕು. ಬೋಧಕರಿಗೆ ಮಾತ್ರವಲ್ಲ, ಬೋಧಕೇತರರಿಗೂ. ನಮ್ಮ ಸರಕಾರಿ ಶಾಲೆಗಳಲ್ಲಿ ಬೋಧಕೇತರರೆಂದರೆ ಈಗ ಹೆಚ್ಚಾಗಿ ಬಿಸಿಯೂಟದ ಅಡುಗೆಯವರೇ. ಅಕ್ಷರ ದಾಸೋಹ ಆರಂಭವಾದ 2002–03ರಿಂದೀಚೆಗೆ ಮಗುವಿನ ತಟ್ಟೆಗೆ ಅನ್ನ ಬಡಿಸುವವರು ಅವರು. ಮೂರು ದಿನದಿಂದ ಅನ್ನ ಬಿಟ್ಟು ಏಳುವ ಹುಡುಗಿ ಯಾರು, ಎರಡನೆಯ ಸಲ ಬಡಿಸಿಕೊಂಡು ಡಬ್ಬಿಯಲ್ಲಿ ಬಚ್ಚಿಟ್ಟುಕೊಳ್ಳುವ ಹುಡುಗ ಯಾರು, ಎಂಬುದು ಅವರಿಗೆ ಗೊತ್ತು. ತರಬೇತಿಯ ದಿನ ಹಿಂದಿನ ಸಾಲಿನಲ್ಲಾದರೂ ಅವರಿಗೆ ಒಂದು ಕುರ್ಚಿ ಹಾಕಿಸುವುದು ಆಯಾ ಶಾಲೆಯ ಮುಖ್ಯೋಪಾಧ್ಯಾಯರ ಕೈಯಲ್ಲಿದೆ. ಅಂದಿನ ಅಡುಗೆಯನ್ನು ಯಾರು ಮಾಡಬೇಕೆಂಬುದನ್ನೂ ಅವರೇ ಯೋಚಿಸಬೇಕು.